ಮಾಬವ್ವನ ಬಿಳಿ ಶಿವದಾರ

ಮಾಬವ್ವನ ಬಲಗಾಲಿನ ಹೆಬ್ಬೆರಳಿಗೆ ಸದಾ ಒಂದು ದಾರ ಬಿಗಿದಿರುತ್ತಿತ್ತು. ಹೀಗೆ ಬರೆದ ಕೂಡಲೇ ಅನುಮಾನ ಬರುತ್ತದೆ: ಬಲಗಾಲೋ, ಎಡಗಾಲೋ? ನಾನು ಆಕೆಯನ್ನು ನೋಡುತ್ತಿದ್ದುದು ಎದುರು ಮನೆಯ ಕಿಟಕಿಯಿಂದ. ಎದುರಿಗಿದ್ದವನಿಗೆ ಬಲ ಎಡವಾಗಿ ಕಂಡಿರಬಹುದು. ಅದನ್ನು ತಿದ್ದಿ ನೆನಪಿಟ್ಟೆನೋ, ತಿದ್ದದೆಯೋ, ಈಗ ಹೇಳಲಾರೆ. ಆಕೆಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಆ ಕಿಟಕಿಯಿಂದ ಕಂಡದ್ದು, ಇನ್ನರ್ಧ ನನ್ನ ಅಕ್ಕ ಗಿರಿಜ ಹೇಳಿದ್ದು. ಎರಡೂ ಬೆರೆತುಹೋಗಿ ಎಷ್ಟೋ ಕಾಲವಾಯಿತು. ಅಕ್ಕ ಹೇಳುವ ಸಂಗತಿಗೆಲ್ಲ ಬಣ್ಣ ಹಚ್ಚುವವಳು. ನಾನೋ ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ, ಹಚ್ಚಿದ ಬಣ್ಣವನ್ನು ಉಗುರಿನಿಂದ ಕೆರೆದು ನೋಡುವ ಚಾಳಿ ಬೆಳೆಸಿಕೊಂಡವನು.

ಆಕೆಯ ಪೂರ್ತಿ ಹೆಸರು ಮೆಹಬೂಬ್‌ಬಿ. ದಾವಣಗೆರೆಯ ಹಳೇ ಪೇಟೆಯ ನಮ್ಮ ಓಣಿಯ ಬಾಯಲ್ಲಿ ಅದು ಮಾಬವ್ವ ಆಗಿತ್ತು. ಪಟವೇಗಾರರ ಮನೆತನ, ಅಂದರೆ ಮಣಿ ಪೋಣಿಸಿ, ರೇಷ್ಮೆ ನೂಲಿನ ಗೊಂಡೆ ಕಟ್ಟಿ ಬದುಕುವವರು. ಮದುವೆಯ ಕರಿಮಣಿ, ಮಕ್ಕಳ ಉಡುದಾರ, ನಮ್ಮಂಥ ಲಿಂಗಾಯತರು ಕೊರಳ ಲಿಂಗಕ್ಕೆ ಹಾಕಿಕೊಳ್ಳುವ ಶಿವದಾರ, ಎಲ್ಲವೂ ಆ ಮನೆಯಲ್ಲಿ ಆಗುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಕೆಲಸವೆಲ್ಲ ಆಕೆಯ ಮೇಲೆಯೇ ಬಿದ್ದಿತ್ತು. ಜಗಲಿಯ ಮೇಲೆ ಕಾಲು ಚಾಚಿ ಕೂತು, ದಾರದ ಒಂದು ತುದಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಇನ್ನೊಂದನ್ನು ಬಿಗಿಯಾಗಿ ಎಳೆದು ಹಿಡಿದು ಮಣಿ ಏರಿಸುತ್ತಿದ್ದಳು. ಯಾರು ಬಂದರೂ ಏಳುವಂತಿಲ್ಲ. "ಬರ್ರಿ, ಕೂಡ್ರಿ. ನಾ ಕಟ್ಟಿಹಾಕಿದ ಎಮ್ಮಿ, ಎದ್ದು ಬರಾಕೆ ಆಗಂಗಿಲ್ಲ" ಎಂದು ಕಾಲು ಅಲ್ಲಾಡಿಸಿ ತೋರಿಸುತ್ತಿದ್ದಳು.

ಹೆಂಗಸರು ಆ ಜಗಲಿಗೆ ಮುಗಿಬೀಳುತ್ತಿದ್ದುದು ಕರಿಮಣಿಗಾಗಿ ಅಲ್ಲ, ಪಂಥಕ್ಕಾಗಿ. ಸಂತೆಯ ಮರುದಿನ, ಮಿಲ್ಲಿನ ಮಧ್ಯಾಹ್ನದ ಕೂಗು ಆದ ಮೇಲೆ ಅದು ಶುರುವಾಗುತ್ತಿತ್ತು. ಹೊಸ ಸರ ಬೇಕೆಂದು ಬಂದವರಿಗೆ ಮಾಬವ್ವ ಹೇಳುತ್ತಿದ್ದ ಮಾತು ಒಂದೇ: "ಏನ್ ಬೇಕು ಅಂತ ಹೇಳಬ್ಯಾಡ್ರಿ. ಏನ್ ನೋಡೀರಿ, ಅದನ್ನ ಹೇಳ್ರಿ." ತಾವು ಕಂಡದ್ದೊಂದನ್ನು ಅವರು ಆಕೆಯ ಕಿವಿಯಲ್ಲಿ ಉಸುರಬೇಕು. ಮುಂದಿನ ವಾರ ಅದು ಸರವಾಗಿ ಹಿತ್ತಾಳೆ ತಟ್ಟೆಯಲ್ಲಿ ನಡುವೆ ಬಂದು ಕೂರುತ್ತಿತ್ತು. ಸುತ್ತ ಕೂತವರಲ್ಲಿ ಒಬ್ಬರಾದರೂ ಅದು ಏನೆಂದು ಗುರುತು ಹಿಡಿಯಬೇಕು. ಪಂಥ ಹಾಕಿದವಳು ಬಾಯಿ ಬಿಡುವಂತಿಲ್ಲ. ಯಾರೂ ಹೇಳದಿದ್ದರೆ ಮಾಬವ್ವ ಚಾಪೆಯ ಕೆಳಗಿನ ಕತ್ತರಿ ತೆಗೆದು ದಾರ ಕತ್ತರಿಸಿ ಮಣಿಗಳನ್ನು ಡಬ್ಬಿಗೆ ಸುರಿಯುತ್ತಿದ್ದಳು. "ಮಾತಾಡಲಿಲ್ಲ ಇದು" ಎಂದಷ್ಟೇ ಹೇಳುತ್ತಿದ್ದಳು.

ಹತ್ತಿ ಮಂಡಿ ಗುಮಾಸ್ತರ ಹೆಂಡತಿ ಸಾವಿತ್ರಮ್ಮ ಒಮ್ಮೆ ಹಾಕಿದ ಪಂಥ ಓಣಿಯಲ್ಲಿ ಬಹಳ ಕಾಲ ಓಡಾಡಿತು. ತಟ್ಟೆಯಲ್ಲಿದ್ದ ಸರದಲ್ಲಿ ಮೊದಲು ಸಾಸಿವೆಯಂಥ ಮಣಿ, ಆಮೇಲೆ ಕಡಲೆ, ಆಮೇಲೆ ಬೋರೆಹಣ್ಣಿನಷ್ಟು ದಪ್ಪನೆಯದು, ಅದಾದ ಮೇಲೆ ಬರೀ ಗಂಟು, ಮತ್ತೆ ಸಾಸಿವೆ. ನನ್ನ ಅಕ್ಕ ಅದನ್ನು ಒಂದು ಸಲ ನೋಡಿ, ಕೆಳಗಿನಿಂದ ಮೇಲಕ್ಕೆ ಉಸಿರೆಳೆದು, ಗಂಟು ಬಂದಲ್ಲಿ ನಿಲ್ಲಿಸಿ, ಗೊರಕೆ ಹೊಡೆದು ತೋರಿಸಿದಳು. ಗುಮಾಸ್ತರ ನಿದ್ದೆ ಅದು. ಸಾವಿತ್ರಮ್ಮ ಆ ಸರವನ್ನು ಮದುವೆ ಮುಂಜಿಗಳಿಗೆಲ್ಲ ಹಾಕಿಕೊಂಡು ಹೋಗುತ್ತಿದ್ದರು. ಪಾಪ, ಗುಮಾಸ್ತರು ಚೆನ್ನಾಗಿದೆ ಎನ್ನುತ್ತಿದ್ದರಂತೆ.

ಹಾಗೆ ಗುರುತು ಹಿಡಿಯುವುದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಅವಳಿಗೆ ಸ್ವಂತದ್ದೊಂದು ಸರವೂ ಇತ್ತು, ಮದುವೆಗೆ ಮುಂಚೆ ಗಳಿಸಿದ್ದು. ಅವಳು ಮಾಬವ್ವನ ಕಿವಿಯಲ್ಲಿ ಹೇಳಿದ್ದು ಸಂಜೆಯ ಮಂಡಕ್ಕಿ ಅಂಗಡಿಯ ಪೊಟ್ಟಣ. ಗುಂಡನೆಯ ಬಿಳಿ ಗಾಜಿನ ಮಣಿ ಒಂದಿಷ್ಟು, ನಡುವೆ ಉದ್ದನೆಯ ಹಸಿರು ಮಣಿ, ಮತ್ತೆ ಬಿಳಿ. ತಟ್ಟೆ ನೆಲಕ್ಕೆ ತಾಗುವ ಮೊದಲೇ ಎಲ್ಲರೂ "ಮಂಡಕ್ಕಿ ಮೆಣಸಿನಕಾಯಿ" ಎಂದು ಒಟ್ಟಿಗೆ ಕೂಗಿದರಂತೆ. ಇಷ್ಟು ಸುಲಭದ್ದು ಕಟ್ಟಿದ್ದಕ್ಕೆ ಮಾಬವ್ವನಿಗೇ ಸಿಟ್ಟು ಬಂತಂತೆ.

ಸೋತದ್ದನ್ನೂ ಹೇಳಬೇಕು, ಏಕೆಂದರೆ ಅದು ನನ್ನ ಪಂಥ. ರಜೆಗೆ ಬಂದಿದ್ದಾಗ ಅಕ್ಕನ ಕೈಲಿ ಹೇಳಿ ಕಳುಹಿಸಿದೆ: ಹರಿಹರದ ಸೇತುವೆಯ ಮೇಲಿಂದ ಕಂಡ ತುಂಗಭದ್ರೆಯ ಹೊಸ ನೀರು. ಮಾಬವ್ವ ಕಂದು, ಕೆಂಪು, ಬೂದು ಮಣಿಗಳನ್ನು ಎಳೆ ಎಳೆಯಾಗಿ ಹೆಣೆದಿದ್ದಳು. ನನಗೆ ಅದು ಅದ್ಭುತವಾಗಿ ಕಂಡಿತು. ಕೂತವರಲ್ಲಿ ಒಬ್ಬರು ಮಿಲ್ಲಿನ ಮೋರಿ ಎಂದರು, ಇನ್ನೊಬ್ಬರು ಹುಣಸೆಹಣ್ಣಿನ ಗೊಜ್ಜು. ನದಿ ಎಂದು ಯಾರ ಬಾಯಲ್ಲೂ ಬರಲಿಲ್ಲ. ಕತ್ತರಿಸಬೇಡಿ, ನಾನೇ ಇಟ್ಟುಕೊಳ್ಳುತ್ತೇನೆ ಎಂದು ಕಿಟಕಿಯಿಂದಲೇ ಬೇಡಿಕೊಂಡೆ. "ನೀ ಒಳ್ಳೇದು ನೋಡೀಯಪ್ಪಾ, ನಾನು ಕೆಟ್ಟದ್ದು ಕಟ್ಟೀನಿ" ಎಂದು ಮಾಬವ್ವ ಕತ್ತರಿಸಿಯೇಬಿಟ್ಟಳು. ಈ ನಿಯಮವನ್ನು ಆಕೆ ಮುರಿದದ್ದು ನನಗೆ ತಿಳಿದಂತೆ ಒಂದೇ ಸಲ.

ಅಕ್ಕನನ್ನು ಹರಿಹರಕ್ಕೆ ಕೊಟ್ಟಿತ್ತು. ಭಾವ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ವಿಷಮಶೀತ ಜ್ವರ ಬಂದು ತೀರಿಕೊಂಡಾಗ ಅಕ್ಕನಿಗೆ ಇಪ್ಪತ್ತು ದಾಟಿತ್ತೋ ಇಲ್ಲವೋ. ನಮ್ಮಲ್ಲಿ ಗಂಡ ಸತ್ತವಳಿಗೆ ಯಾವ ಕಟ್ಟೂ ಇಲ್ಲ, ಲಿಂಗಧಾರಣೆಯಾದ ಮೇಲೆ ಎಲ್ಲರೂ ಒಂದೇ, ಎಂದು ಹೇಳುವವರು ನಮ್ಮಲ್ಲೇ ಬೇಕಾದಷ್ಟು ಜನ. ಆದರೂ ಬಳೆ ಹೋದವು, ಕರಿಮಣಿ ಹೋಯಿತು. ಮಂಡಕ್ಕಿ ಮೆಣಸಿನಕಾಯಿಯ ಸರವನ್ನು ಅಮ್ಮ ಮನೆಯಲ್ಲಿ ಇಟ್ಟುಕೊಳ್ಳಲಾರದೆ ಮಾಬವ್ವನಿಗೆ ಹಿಂದಕ್ಕೆ ಕೊಟ್ಟಳು. ಲಿಂಗವೊಂದು ಉಳಿಯಿತು. ಅದನ್ನು ಅಕ್ಕ ಹಳೆಯ ನೂಲಿನ ಹುರಿಗೆ ಕಟ್ಟಿ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು.

ದಾವಣಗೆರೆಗೆ ವಾಪಸಾದ ಮೇಲೆ ಒಮ್ಮೆ ಹರಿಹರದ ಮನೆಗೆ ಯಾವುದೋ ಕಾರ್ಯಕ್ಕೆಂದು ಹೋಗುವಾಗ ಅಕ್ಕ ತೆಳ್ಳನೆಯ ಹವಳದ ಎಳೆಯೊಂದನ್ನು ಹಾಕಿಕೊಂಡಿದ್ದಳು. ಅವಳ ಅತ್ತೆ ನಾಲ್ಕು ಜನರ ಮುಂದೆ ಅದನ್ನು ಬಿಚ್ಚಿಸಿದರು. ಆಮೇಲೆ ಅವಳು ಅಲ್ಲಿಗೆ ಕಾಲಿಡಲಿಲ್ಲ. ಈಗ ಮೈದುನನ ಮದುವೆ ಗೊತ್ತಾಯಿತು. ಭಾವನ ಜ್ವರದಲ್ಲಿ ಹಗಲು ರಾತ್ರಿ ಪಕ್ಕದಲ್ಲಿ ಕೂತಿದ್ದವನು ಅವನೇ. ಕರೆಯಲು ಬಂದವನು ನಮ್ಮ ಪಡಸಾಲೆಯಲ್ಲಿ ನೆಲ ನೋಡುತ್ತ, "ಅತ್ತಿಗಿ, ನೀವು ಬರದಿದ್ರ ನಾ ಹಸೆ ಮ್ಯಾಲೆ ಕೂಡ್ರಂಗಿಲ್ಲ" ಎಂದ. ಅಕ್ಕನಿಗೆ ಹೋಗುವ ಆಸೆ, ಅದು ಮುಖದಲ್ಲೇ ಕಾಣುತ್ತಿತ್ತು. ಆದರೆ ಬರಿಗೊರಳಲ್ಲಿ ಹೋಗಿ ಎಲ್ಲರ ಕಣ್ಣಿಗೆ ಬೀಳಲಾರೆ, ಏನಾದರೂ ಹಾಕಿಕೊಂಡು ಹೋಗಿ ಮತ್ತೊಮ್ಮೆ ಬಿಚ್ಚಿಸಿಕೊಳ್ಳಲಾರೆ ಎಂದಳು. ಈ ಸಲ ತಪ್ಪಿಸಿದರೆ ಆ ಮನೆಯ ನಂಟು ಮುಗಿದ ಹಾಗೆ ಎಂದು ಅಮ್ಮ ಕಣ್ಣೀರು ಹಾಕಿದಳು.

ಸಂತೆಯ ಮರುದಿನ ಅಕ್ಕ ಜಗಲಿಯ ಮೂಲೆಯಲ್ಲಿ ಕೂತಿದ್ದಳು. ಭಾವ ಹೋದ ಮೇಲೆ ಅವಳು ಅಲ್ಲಿ ಕೂರುತ್ತಿದ್ದಳೇ ಹೊರತು ಗುರುತು ಹಿಡಿಯುತ್ತಿರಲಿಲ್ಲ. ಮಾಬವ್ವ ಅವಳತ್ತ ತಿರುಗಿ, "ತಂಗೀ, ನೀ ಏನ್ ನೋಡೀ?" ಎಂದು ಕೇಳಿದಳು. ಅಕ್ಕ ಕಿವಿಯ ಬಳಿ ಹೋಗಲಿಲ್ಲ. ಎಲ್ಲರಿಗೂ ಕೇಳುವಂತೆ, "ಕನ್ನಡ್ಯಾಗ ನನ್ನ ಕೊಳ್ಳು ನೋಡೀನಿ" ಎಂದಳು.

ಈ ಮಾತು ನನ್ನ ಕಿವಿಗೇ ಬಿದ್ದದ್ದೆಂದು ನಾನು ಆಣೆ ಮಾಡುವವನಿದ್ದೆ. ಆದರೆ ಲೆಕ್ಕ ಹಾಕಿದರೆ ಆ ವಾರ ನಾನು ಮೈಸೂರಿನಲ್ಲಿ ಇದ್ದಿರಬೇಕು. ಅಕ್ಕ ಹೇಳಿದ್ದನ್ನೇ ನಾನು ಕಿಟಕಿಯ ಮುಂದೆ ತಂದು ಕೂರಿಸಿಕೊಂಡಿರಬಹುದು.

ಒಂದು ವಾರ ತಟ್ಟೆ ಖಾಲಿ ಬಂತು. ಅದರ ಮರುವಾರವೂ ಹಾಗೇ. ಮದುವೆ ಹತ್ತಿರವಾದಾಗ, ನಾನು ಊರಿಗೆ ಬಂದ ಮೇಲೆ, ತಟ್ಟೆಯಲ್ಲಿ ಬಿಳಿಯದೊಂದು ಬಂದು ಕೂತಿತು. ಬಿಳಿ ರೇಷ್ಮೆಯ ಶಿವದಾರ. ಉದ್ದಕ್ಕೂ ಮಣಿಗಳಿದ್ದವು, ಆದರೆ ಒಂದೊಂದು ಮಣಿಯ ಮೇಲೂ ಅದೇ ಬಿಳಿ ರೇಷ್ಮೆಯನ್ನು ಸಂದಿಲ್ಲದಂತೆ ಸುತ್ತಿತ್ತು. ಗಾಜು ಎಲ್ಲಿಯೂ ಕಾಣದು. ದಾರವೇ ಅಲ್ಲಲ್ಲಿ ಉಬ್ಬಿ ಇಳಿದ ಹಾಗೆ, ಮೆತ್ತಗೆ, ಹೊಳಪಿಲ್ಲದೆ. ಲಿಂಗ ಕಟ್ಟುವ ದಾರವನ್ನು ತೆಗೆಯಿರಿ ಎಂದು ಯಾರೂ ಹೇಳುವಂತಿಲ್ಲ. ಬಿಳಿಯ ಮೇಲೆ ಬಿಳಿಗೆ ಯಾರೂ ಬೆರಳು ತೋರಿಸುವಂತಿಲ್ಲ.

"ಶಿವದಾರ ಅಲ್ಲೇನ್ರಿ ಇದು?" ಎಂದರು ಸಾವಿತ್ರಮ್ಮ.

"ಶಿವದಾರ ಅಂತ ಕಣ್ಣಿದ್ದೋರಿಗೆಲ್ಲ ಗೊತ್ತಾಗ್ತೈತೆ. ಏನು ಅಂತ ಹೇಳ್ರಿ."

ಯಾರಿಗೂ ತಿಳಿಯಲಿಲ್ಲ. ಕೊರಳು ಎಂದು ಹೇಳಲು ಬಾಯಿ ಬಾರಲಿಲ್ಲವೋ ಏನೋ. ಮಾಬವ್ವ ಅಭ್ಯಾಸದಂತೆ ಚಾಪೆಯ ಕೆಳಗೆ ಕೈ ಹಾಕಿ ಕತ್ತರಿ ತೆಗೆದಳು. ಆಗ ಅಕ್ಕ ಆ ದಾರವನ್ನು ಎತ್ತಿಕೊಂಡಳು. ಕಣ್ಣು ಮುಚ್ಚಿ, ಜಪಮಾಲೆ ಎಣಿಸುವವರಂತೆ ಒಂದೊಂದು ಮಣಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತುತ್ತ ಹೋದಳು. ಅರ್ಧ ದಾರಕ್ಕೆ ಬಂದವಳು ನಕ್ಕಳು. ಅವಳ ಆ ನಗೆಯನ್ನು ಓಣಿ ಮರೆತೇಬಿಟ್ಟಿತ್ತು. ಬಗ್ಗಿ ಮಾಬವ್ವನ ಕಿವಿಯಲ್ಲಿ ಏನೋ ಹೇಳಿದಳು.

ಕತ್ತರಿ ಚಾಪೆಯ ಕೆಳಗೆ ಹೋಯಿತು. ಪಂಥ ಹಾಕಿದವಳೇ ಹೇಳಿದರೆ ಆಟ ಹೇಗಾಗುತ್ತದೆ, ಏನು ಹೇಳಿದಳೆಂದು ನಮಗೂ ತಿಳಿಸಿ ಎಂದು ಸುತ್ತಲಿನವರು ತಕರಾರು ತೆಗೆದರು. ಮಾಬವ್ವ ಕಾಲ ಬೆರಳಿನ ದಾರ ಸರಿಮಾಡಿಕೊಳ್ಳುತ್ತ ಹೇಳಿದಳು: "ಅಕಿ ಕೊಳ್ಳಾಗ ಇರೋದು ಅಕಿಗೆ ಗೊತ್ತಾದ್ರ ಸಾಕು."

ಹರಿಹರಕ್ಕೆ ಅಕ್ಕನನ್ನು ರೈಲಿನಲ್ಲಿ ಕರೆದುಕೊಂಡು ಹೋದವನು ನಾನು, ಆದ್ದರಿಂದ ಮುಂದಿನದನ್ನು ಸ್ವಲ್ಪ ಧೈರ್ಯದಿಂದ ಬರೆಯಬಲ್ಲೆ. ಮದುವೆ ಮನೆಯ ಬಾಗಿಲಲ್ಲೇ ಅವಳ ಅತ್ತೆ ಎದುರಾದರು. ಕಣ್ಣು ನೇರವಾಗಿ ಕೊರಳಿಗೆ ಹೋಯಿತು. ಶಿವದಾರವನ್ನು ಬೆರಳಿನಿಂದ ಎತ್ತಿ, ಬೆಳಕಿಗೆ ತಿರುಗಿಸಿ, ಹಿಂದೆ ಮುಂದೆ ನೋಡಿದರು. ಅಕ್ಕ ಅಲುಗಲಿಲ್ಲ. ನನ್ನ ಕೈಯಲ್ಲಿದ್ದ ಟ್ರಂಕು ಇಳಿಸಬೇಕೆಂಬುದೂ ನನಗೆ ತೋಚಲಿಲ್ಲ. ಕೊನೆಗೆ ಅವರು, "ಚಂದ ಕಟ್ಯಾರ. ಯಾರು ಕಟ್ಟಿದ್ದು?" ಎಂದು ಕೇಳಿದರು. ನಮ್ಮ ಓಣಿಯ ಪಟವೇಗಾರ್ತಿ ಎಂದಳು ಅಕ್ಕ. "ನನಗೂ ಒಂದು ಕಟ್ಟಾಕೆ ಹೇಳಬೇ" ಎಂದು ಅವರು ಒಳಗೆ ನಡೆದರು. ಅಕ್ಷತೆ ಹಾಕುವಾಗ ಅಕ್ಕ ಎಲ್ಲರ ಮುಂದೆ ನಿಂತಿದ್ದಳು. ಮೈದುನ ಹಸೆಯ ಮೇಲಿಂದ ತಲೆಯೆತ್ತಿ ಅವಳನ್ನು ಹುಡುಕಿ ನೋಡಿದ್ದು ನನಗೆ ನೆನಪಿದೆ. ಇದರಲ್ಲಿ ಅನುಮಾನವಿಲ್ಲ, ಅಥವಾ ಅನುಮಾನ ಪಡಲು ನನಗೆ ಇಷ್ಟವಿಲ್ಲ.

ಊರಿಗೆ ಬಂದು ಅಕ್ಕ ಅತ್ತೆಯ ಬೇಡಿಕೆ ತಿಳಿಸಿದಾಗ ಮಾಬವ್ವ ಗಂಭೀರವಾಗಿ ಯೋಚಿಸಿ, "ಅವರಿಗೆ ಬರೀ ಮಂಡಕ್ಕಿ ಕಟ್ಟಿಕೊಡ್ತೀನಿ" ಎಂದಳು. ಇಬ್ಬರೂ ಎಷ್ಟು ನಕ್ಕರೆಂದರೆ ಹೆಬ್ಬೆರಳಿನ ದಾರ ತುಂಡಾಗಿ ಮಣಿಗಳೆಲ್ಲ ಜಗಲಿಯಿಂದ ಬೀದಿಗೆ ಉರುಳಿದವು. ನನಗೊಂದು ಊಹೆ ಹುಟ್ಟಿದ್ದು ಆಗ. ಆದರೆ ಊಹೆ ಸಾಕ್ಷ್ಯವಲ್ಲ. ಅಕ್ಕನನ್ನು ಕೇಳಿದರೆ, "ತರ್ಕ ಓದೀಯಲ್ಲ, ಪತ್ತೆ ಹಚ್ಚು" ಎನ್ನುತ್ತಿದ್ದಳು.

ಅರವತ್ತರ ದಶಕದ ನಡುವೆ ಪೇಟೆಗೆ ಪ್ಲಾಸ್ಟಿಕ್ ಸರಗಳು ಬಂದವು. ಮಾಬವ್ವ ಹರಿಹರದಲ್ಲಿದ್ದ ಮಗಳ ಮನೆಗೆ ಹೋದಳು. ಒಮ್ಮೆ ಕೆಲಸದ ಮೇಲೆ ಆ ಊರಿಗೆ ಹೋದವನು ಹುಡುಕಿಕೊಂಡು ಹೋದೆ. ಆಕೆ ಹೊಸ್ತಿಲ ಬಳಿ ಕೂತು ಮೊಮ್ಮಗಳಿಗೆ ಜಡೆ ಹೆಣೆಯುತ್ತಿದ್ದಳು. ಜಡೆಯಲ್ಲೂ ಒಂದು ಎಳೆ ಬಿಟ್ಟು ಒಂದು ಎಳೆಗೆ ಬಣ್ಣದ ದಾರ ಸೇರಿಸಿದ್ದಳು. ನನ್ನ ಗುರುತು ಹಿಡಿದ ಕೂಡಲೇ, "ನದಿ ಕಟ್ಟಾಕೆ ಬರಲಿಲ್ಲಪ್ಪಾ ನನಗ. ಈಗ ದಿನಾ ನೋಡ್ತೀನಿ, ಈಗ ಕೈಗೆ ಕಸುಬು ತಪ್ಪೈತೆ" ಎಂದಳು. ಚಹಾ ಕುಡಿಯುತ್ತ ಶಿವದಾರದ ಮಾತು ತೆಗೆದು, ಒಳಗೆ ಏನಿಟ್ಟಿದ್ದಿರಿ ಎಂದು ನೇರವಾಗಿಯೇ ಕೇಳಿದೆ. ಗಿರಿಜ ಹೇಳಲಿಲ್ಲವೇ ಎಂದಳು. ಇಲ್ಲ ಎಂದೆ.

"ಹಂಗಾದ್ರ ನಾ ಹೆಂಗೆ ಹೇಳ್ಲಿ? ಮಣಿ ನಂದಾದ್ರೂ ಕೊಳ್ಳು ಅಕಿದಲ್ಲೇನು?"

ಹೊರಟಾಗ ಬಾಗಿಲವರೆಗೂ ಎದ್ದು ಬಂದಳು. ಆಕೆ ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲೆಂದು ತೋರುತ್ತದೆ. ಅಷ್ಟು ಕುಳ್ಳಿ ಎಂದು ಗೊತ್ತಿರಲಿಲ್ಲ. ಅಷ್ಟು ಕಾಲ ದಾರ ಬಿಗಿದ ಹೆಬ್ಬೆರಳಿನಲ್ಲಿ ಗುರುತು ಉಳಿದಿರಲೇಬೇಕು. ನೋಡಿದ್ದರೆ ಬಲವೋ ಎಡವೋ ತೀರ್ಮಾನವಾಗುತ್ತಿತ್ತು. ಆಗ ನನಗೆ ಆ ಅನುಮಾನ ಇನ್ನೂ ಬಂದಿರಲಿಲ್ಲ. ಆಕೆ ತೀರಿಕೊಂಡ ಸುದ್ದಿ ನಮಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಅಕ್ಕ ಅಂದು ಊಟ ಮಾಡಲಿಲ್ಲ.

ಆ ಶಿವದಾರವನ್ನು ಅಕ್ಕ ಬದಲಿಸಲೇ ಇಲ್ಲ. ರೇಷ್ಮೆ ಹಳದಿಗೆ ತಿರುಗಿತು, ಅಲ್ಲಲ್ಲಿ ಅವಳೇ ಸೂಜಿ ಹಾಕಿ ಹೊಲಿದುಕೊಂಡಳು. ವಯಸ್ಸಾಗಿ ತೋಳು ಹಿಂದಕ್ಕೆ ಹೋಗದಾದಾಗ, ಒಂದು ಬೆಳಿಗ್ಗೆ ನನ್ನನ್ನು ಕರೆದು, ಗಂಟು ಸಡಿಲವಾಗಿದೆ, ಬಿಗಿದುಕೊಡು ಎಂದಳು. ಕಿಟಕಿಯ ಬಿಸಿಲಿಗೆ ಬೆನ್ನು ಮಾಡಿ ಕೂತಳು. ಬೆಳ್ಳಗಾದ ಕೂದಲನ್ನು ಪಕ್ಕಕ್ಕೆ ಸರಿಸಿದೆ. ಗಂಟಿನ ಪಕ್ಕದ ಉದ್ದನೆಯ ಮಣಿಯ ಮೇಲೆ ಎಳೆಗಳು ಸವೆದು ಸಡಿಲವಾಗಿದ್ದವು. ಉಗುರಿನಿಂದ ಅವನ್ನು ತುಸು ಸರಿಸಿದೆ.

"ಎಷ್ಟೊತ್ತು? ಏನ್ ಮಾಡ್ತೀ ಹಿಂದ?"

ಗಂಟು ಹಾಕುತ್ತಿದ್ದೇನೆ ಎಂದೆ. ಎಳೆಗಳನ್ನು ಮತ್ತೆ ಮೊದಲಿನಂತೆ ಕೂಡಿಸಿ, ಗಂಟು ಬಿಗಿದು, ಕೂದಲು ಇಳಿಬಿಟ್ಟೆ. ಉಳಿದ ಮಣಿಗಳ ಬಗ್ಗೆ ನಾನು ಏನೂ ಹೇಳಲಾರೆ. ಅದೊಂದು ಮಾತ್ರ ಹಸಿರು.