ನೂಲಿಗೆ ಹತ್ತದ ಬಣ್ಣ

ನಮ್ಮ ಬೀದಿಯ ಹಿಂದಿನ ಕಾಲುವೆ ಈಗ ನೀರಿನ ಬಣ್ಣದಲ್ಲೇ ಹರಿಯುತ್ತದೆ. ಹೊರಗಿನವರಿಗೆ ಇದರಲ್ಲಿ ವಿಶೇಷವೇನೂ ಕಾಣಿಸುವುದಿಲ್ಲ. ನಾವು ಚಿಕ್ಕವರಿದ್ದಾಗ ಅದಕ್ಕೆ ಬೆಳಿಗ್ಗೆ ಒಂದು ಬಣ್ಣವಿದ್ದರೆ ಮಧ್ಯಾಹ್ನ ಇನ್ನೊಂದು. ಬೀದಿಯ ಎರಡೂ ಸಾಲಿನಲ್ಲಿ ನೂಲಿಗೆ ಬಣ್ಣ ಹಾಕುವವರ ಮನೆಗಳೇ ಇದ್ದವು. ಹಿತ್ತಿಲ ಬಾಗಿಲು ತೆಗೆದು ಕಾಲುವೆಯತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಯಾರ ಮನೆಯಲ್ಲಿ ಏನು ಕೆಲಸ ನಡೆದಿದೆ ಎಂದು ಗೊತ್ತಾಗುತ್ತಿತ್ತು. ಹಸಿರು ಬಂದರೆ ಮೂಲೆಮನೆಯವರಿಗೆ ಪರದೆ ಬಟ್ಟೆಯ ನೂಲು ಬಂದಿದೆ ಎಂದರ್ಥ. ನೀಲಿ ಬಂದರೆ ಯಾವುದೋ ಶಾಲೆಯ ಸಮವಸ್ತ್ರ. ಕೆಂಪು ಬಂದರೆ ಅದು ನಮ್ಮದೇ. ಕೆಂಪಿಗೆ ಅಪ್ಪನನ್ನು ಬಿಟ್ಟರಿಲ್ಲ ಎಂದು ಬೀದಿಯೆಲ್ಲ ಒಪ್ಪಿಕೊಂಡಿತ್ತು.

ಆ ಬಣ್ಣಗಳನ್ನು ನೆನೆದರೆ ಇವತ್ತಿಗೂ ಮನಸ್ಸಿಗೆ ಹಿತವಾಗುತ್ತದೆ. ಅವು ನೀರಿಗೆ ಹಿತವಲ್ಲ ಎಂದು ನಮಗೆ ಕಲಿಸಿದವಳು ನನ್ನ ಅತ್ತೆ, ಅಪ್ಪನ ತಂಗಿ.

ಅತ್ತೆ ನಮ್ಮ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿದ್ದಳು. ಕೆಳಗೆ ಬಣ್ಣದ ಮನೆ: ಕುದಿಯುವ ತಾಮ್ರದ ಹಂಡೆಗಳು, ತೊಳೆಯುವ ತೊಟ್ಟಿಗಳು, ಅಡ್ಡಗೋಲಿನ ಮೇಲೆ ಸಾಲಾಗಿ ತೂಗುಬಿಟ್ಟ ನೂಲಿನ ಲಡಿಗಳು. ಮೇಲೆ ಅವಳ ಪುಸ್ತಕಗಳು, ಒಂದು ಸ್ಟೂಲು, ಕಿಟಕಿಯ ಬಳಿ ಒಂದು ಮೇಜು. ನೆಲದ ಹಲಗೆಗಳ ಸಂದಿಯಿಂದ ಹಬೆ ಮೇಲೇರಿ ಅವಳ ಪುಸ್ತಕಗಳ ಅಂಚು ಸುರುಟಿಕೊಂಡಿದ್ದವು. ಅಪ್ಪ ಶಾಲೆ ಬಿಟ್ಟು ಹಂಡೆಯ ಮುಂದೆ ನಿಂತವನು. ತಂಗಿ ಓದಲಿ ಎಂದು ಹಟ ಹಿಡಿದು ಅವಳನ್ನು ಕಾಲೇಜಿಗೆ ಕಳಿಸಿದ್ದನು. ಅವಳು ವಿಜ್ಞಾನ ಓದಿ, ಬೀದಿಯ ಕೊನೆಯ ಶಾಲೆಗೇ ಟೀಚರ್ ಆಗಿ ಬಂದಳು. ಊಟಕ್ಕೆ ಕೂತಾಗ ಅಜ್ಜಿ ಇಬ್ಬರ ಕೈಯನ್ನೂ ನೋಡಿ ನಗುತ್ತಿದ್ದಳು. ಒಬ್ಬನದು ಮೊಣಕೈವರೆಗೆ ಕೆಂಪು, ಇನ್ನೊಬ್ಬಳದು ಮಣಿಕಟ್ಟಿನವರೆಗೆ ಸೀಮೆಸುಣ್ಣ. ಇಬ್ಬರನ್ನೂ ಹೆತ್ತವಳು ತಾನೇ ಎಂದು ಹೇಳಿದರೆ ಯಾರೂ ನಂಬುವುದಿಲ್ಲ ಎನ್ನುತ್ತಿದ್ದಳು.

ಮೊದಮೊದಲು ಅತ್ತೆ ಪುಸ್ತಕದಲ್ಲಿದ್ದಂತೆಯೇ ಪಾಠ ಮಾಡಿದಳು. ಬಣ್ಣದ ನೀರು ಬಿಸಿಲನ್ನು ಒಳಗೆ ಬಿಡುವುದಿಲ್ಲ, ನೀರಿನ ಗಿಡಗಳು ಉಸಿರಾಡುವುದಿಲ್ಲ, ಮೀನು ಸಾಯುತ್ತದೆ. ನಾವು ಅದನ್ನು ಬಾಯಿಪಾಠ ಮಾಡಿ ಮನೆಯಲ್ಲಿ ಒಪ್ಪಿಸಿದೆವು. ಮೀನು ಬೇಕಿದ್ದರೆ ಅಂಗಡಿಯಲ್ಲಿ ಸಿಗುತ್ತದೆ, ಮೊದಲು ಲಡಿ ಹಿಂಡು ಎಂಬ ಉತ್ತರ ಎಲ್ಲ ಮನೆಯಲ್ಲೂ ಸಿಕ್ಕಿತು. ಆಮೇಲೆ ಅವಳು ಬಾಟಲಿಗಳ ಪಾಠ ಶುರು ಮಾಡಿದಳು. ತಮ್ಮ ತಮ್ಮ ಮನೆಯ ನೀರು ಕಾಲುವೆಗೆ ಬೀಳುವ ಜಾಗದಲ್ಲಿ ಪ್ರತಿಯೊಬ್ಬರೂ ಒಂದು ಗಾಜಿನ ಬಾಟಲಿ ತುಂಬಿ ತರಬೇಕು. ಬಾಟಲಿ ಸ್ವಚ್ಛವಾಗಿರಬೇಕು, ಕುತ್ತಿಗೆಯವರೆಗೆ ತುಂಬಿರಬೇಕು. ಅವನ್ನೆಲ್ಲ ಅವಳು ತರಗತಿಯ ಕಿಟಕಿಯಲ್ಲಿ ಸಾಲಾಗಿ ಇಟ್ಟಳು. ವಾರವಾರವೂ ಹೊಸ ಸಾಲು. ಬೀದಿ ಅವಳಿಗೆ ‘ಬಾಟಲಿ ಟೀಚರ್’ ಎಂದು ಹೆಸರಿಟ್ಟಿತು.

ನಮಗಂತೂ ಅದು ಹಬ್ಬದ ಹಾಗಿತ್ತು. ಬಿಸಿಲು ಬಂದರೆ ಡೆಸ್ಕುಗಳ ಮೇಲೆಲ್ಲ ಬಣ್ಣ ಬೀಳುತ್ತಿತ್ತು. ಯಾರ ಮನೆಯ ಬಾಟಲಿ ಚೆಂದ ಎಂದು ಜಗಳವೇ ಆಗುತ್ತಿತ್ತು. ಅದನ್ನು ಕೇಳಿ ಅತ್ತೆ ಹಣೆ ಹಣೆ ಚಚ್ಚಿಕೊಂಡಳು. ನಾಚಿಕೆಯಾಗಲಿ ಎಂದು ಇಟ್ಟ ಬಾಟಲಿಗಳನ್ನು ಮಕ್ಕಳು ಬಹುಮಾನದ ಕಪ್ಪುಗಳಂತೆ ನೋಡುತ್ತಿದ್ದರು.

ಕಾಲುವೆ ಮುಂದೆ ಹರಿಯುವ ಕಡೆ ಅದೇ ನೀರು ಹಾಯಿಸಿ ತರಕಾರಿ ಬೆಳೆಯುವವರಿದ್ದರು. ಅವರು ಊರಿನ ಕಚೇರಿಗೆ ದೂರು ಕೊಟ್ಟರು. ಕಚೇರಿಯ ಒಬ್ಬ ಅಧಿಕಾರಿ ಬಂದು ಬೀದಿ ಸುತ್ತಿದ, ಶಾಲೆಗೂ ಹೋದ, ಕಿಟಕಿಯ ಮುಂದೆ ಬಹಳ ಹೊತ್ತು ನಿಂತ. ಅವನು ಕೇಳಿದ್ದಕ್ಕೆಲ್ಲ ಅತ್ತೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದಳು. ಸ್ವಲ್ಪ ದಿನಕ್ಕೆ ಆದೇಶ ಬಂತು: ಮುಂದಿನ ಬೇಸಿಗೆಯೊಳಗೆ ಕಾಲುವೆಗೆ ಬಣ್ಣ ಬೀಳುವುದು ನಿಲ್ಲಬೇಕು, ಇಲ್ಲದಿದ್ದರೆ ಬಣ್ಣದ ಮನೆಗಳೆಲ್ಲ ಊರ ಹೊರಗಿನ ಬಯಲಿಗೆ ಹೋಗಬೇಕು. ಆ ಬಯಲಿನಲ್ಲಿ ನೀರಿರಲಿಲ್ಲ. ನೀರಿಲ್ಲದ ಕಡೆ ಬಣ್ಣದವನಿಗೇನು ಕೆಲಸ? ಹೋಗಿ ಎಂದರೂ ಒಂದೇ, ಮುಚ್ಚಿ ಎಂದರೂ ಒಂದೇ ಎಂದು ಬೀದಿಗೆ ಅರ್ಥವಾಯಿತು.

ಅಪ್ಪ ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತು ಒಂದೇ ಮಾತು ಹೇಳಿದ.

“ಮನೆ ಒಳಗೆ ಕೂತ್ಕೊಂಡೇ ಮನೆಗೆ ಬೆಂಕಿ ಇಟ್ಟೆಯಲ್ಲೇ.”

ಅಲ್ಲಿಂದಾಚೆಗೆ ಅವನು ತಂಗಿಯ ಜೊತೆ ಮಾತು ಬಿಟ್ಟ. ಅತ್ತೆ ದೂರು ಕೊಟ್ಟಿರಲಿಲ್ಲ, ಅದು ಅಪ್ಪನಿಗೂ ಗೊತ್ತಿತ್ತು. ಆದರೆ ಅವಳು ಮುಚ್ಚಿಡಲೂ ಇಲ್ಲ, ಅದೇ ಅವನಿಗೆ ನುಂಗಲಾಗದ ತುತ್ತಾಯಿತು. ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಉಣ್ಣುತ್ತಿದ್ದರೂ ಇಬ್ಬರ ಮಾತೂ ಅಜ್ಜಿಯ ಮೂಲಕವೇ ಹೋಗಬೇಕಿತ್ತು. ಉಪ್ಪು ಇತ್ತ ಕೊಡಲು ಹೇಳಮ್ಮ, ದೀಪ ಆರಿಸಲು ಹೇಳಮ್ಮ. ಅಜ್ಜಿ ಕೆಲವು ದಿನ ಸಹಿಸಿಕೊಂಡಳು. ಕೊನೆಗೊಂದು ದಿನ ತಟ್ಟೆ ಪಕ್ಕಕ್ಕಿಟ್ಟು, “ಇಬ್ರೂ ಸೇರ್ಕೊಂಡು ನನ್ನನ್ನ ಟೆಲಿಫೋನ್ ಮಾಡ್ಬಿಟ್ರಿ. ಬಿಲ್ಲು ಯಾರು ಕಟ್ತೀರಿ ಹೇಳಿ” ಎಂದಳು. ಇಬ್ಬರೂ ನಗು ತಡೆದುಕೊಂಡು ತಟ್ಟೆ ನೋಡುತ್ತ ಕೂತರು.

ಬೇಸಿಗೆಗೆ ಇನ್ನು ಆರೇ ತಿಂಗಳು ಎನ್ನುವಾಗ ಬೀದಿಯ ಗಂಡಸರೆಲ್ಲ ನಮ್ಮ ಬಣ್ಣದ ಮನೆಯಲ್ಲಿ ಸೇರಿದರು. ಬೇರೆ ಬೇರೆ ಬಣ್ಣ ಬಿಡುವುದರಿಂದಲೇ ಸಿಕ್ಕಿಬೀಳುತ್ತಿದ್ದೇವೆ ಎಂದು ಮೂಲೆಮನೆಯವನು ವಾದ ಮಾಡಿದ. ಎಲ್ಲರೂ ಒಂದೇ ಹೊತ್ತಿಗೆ ಬಿಟ್ಟರೆ ಬಣ್ಣ ಬಣ್ಣಕ್ಕೆ ಹೊಡೆದುಕೊಂಡು ನೀರು ತಿಳಿಯಾಗುತ್ತದೆ, ಇದು ನಿನ್ನದು, ಅದು ನನ್ನದು ಎನ್ನುವುದಾದರೂ ತಪ್ಪುತ್ತದೆ. ಹುಟ್ಟಿದಾಗಿನಿಂದ ಬಣ್ಣ ಬೆರೆಸಿದವರು ಅಷ್ಟು ಜನ ಅಲ್ಲಿದ್ದರು. ಭಯದಲ್ಲಿ ಒಬ್ಬರಿಗೂ ಯೋಚನೆ ಬರಲಿಲ್ಲ. ಮರುದಿನ ಮಧ್ಯಾಹ್ನ ಎಲ್ಲ ಮನೆಯ ತೂಬೂ ಒಟ್ಟಿಗೆ ತೆರೆಯಿತು. ಕೆಂಪು, ಹಸಿರು, ನೀಲಿ, ಹಳದಿ ಎಲ್ಲ ಸೇರಿ ಕಾಲುವೆ ಮಸಿಯ ಹಾಗೆ ಕಪ್ಪಗೆ ಹರಿಯಿತು. ತರಕಾರಿಯವರು ಆ ನೀರನ್ನು ಬಿಂದಿಗೆಯಲ್ಲಿ ಹೊತ್ತು ನೇರ ಕಚೇರಿಗೆ ಹೋದರು. ಉಳಿದಿದ್ದ ಗಡುವು ಅರ್ಧಕ್ಕೆ ಇಳಿಯಿತು.

ಆ ಸಂಜೆ ಅತ್ತೆ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. “ಕೆಂಪಿಗೆ ಹಸಿರು ಸೇರಿದ್ರೆ ಏನಾಗುತ್ತೆ ಅಂತ ನನ್ನ ಕ್ಲಾಸಿನ ಮಕ್ಕಳನ್ನ ಕೇಳಿದ್ರೂ ಹೇಳ್ತಿದ್ರು ಅಂತ ಅಣ್ಣಂಗೆ ಹೇಳಮ್ಮ.”

ಅಜ್ಜಿ ಬಾಯಿ ತೆರೆಯುವ ಮೊದಲೇ ಅಪ್ಪ ಗೋಡೆ ನೋಡಿಕೊಂಡು, “ಹೇಳ್ಬೇಡ, ಕೇಳಿಸ್ತು” ಎಂದ.

ನಕ್ಕ ಮೇಲೆ ಅತ್ತೆ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಅಣ್ಣನ ಹಂಡೆ ಆರಿಹೋದರೆ ತಾನು ಕಲಿಸಿದ ಪಾಠಕ್ಕೆ ಏನು ಬೆಲೆ ಎಂದು ಅವಳು ಅಜ್ಜಿಯ ಹತ್ತಿರ ಹೇಳಿಕೊಂಡದ್ದು ನಮಗೆ ಬಹಳ ವರ್ಷಗಳ ಮೇಲೆ ತಿಳಿಯಿತು.

ಅದಾದ ಕೆಲವೇ ದಿನಕ್ಕೆ ಶಾಲೆಯಲ್ಲಿ ತಂದೆ ತಾಯಂದಿರ ಸಭೆ ಇತ್ತು. ಬಣ್ಣದವರೆಲ್ಲ ಮುಖ ಊದಿಸಿಕೊಂಡು ಬಂದು ಹಿಂದೆ ನಿಂತರು. ಅತ್ತೆಗೂ ಅವರ ಕಡೆ ತಿರುಗಲು ಧೈರ್ಯವಿರಲಿಲ್ಲ. ಆ ಸಭೆಗೆ ನೀಲಿ ಅಜ್ಜನೂ ಬಂದಿದ್ದ. ಬೀದಿಯಲ್ಲೆಲ್ಲ ಹಿರಿಯ ಬಣ್ಣದವನು; ಹಂಡೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಉಗುರುಗಳು ಇನ್ನೂ ನೀಲಿಯಾಗಿಯೇ ಇದ್ದವು. ಭಾಷಣದಲ್ಲಿ ಅವನಿಗೆ ಆಸಕ್ತಿ ಇರಲಿಲ್ಲ. ನಡುವೆಯೇ ಎದ್ದು ಕಿಟಕಿಯ ಬಳಿ ಹೋಗಿ, ಒಂದು ಹಸಿರು ಬಾಟಲಿ ತೆಗೆದು ಬೆಳಕಿಗೆ ಹಿಡಿದ.

“ನೋಡ್ರಪ್ಪಾ, ನೂಲಿಗೆ ಹೋಗ್ಬೇಕಾದ್ದು ಅರ್ಧ ಇಲ್ಲೇ ಇದೆ. ಯಾರದಿದು, ಕಾಲುವೆಗೆ ಬಣ್ಣ ಹಾಕೋ ಕಂಟ್ರಾಕ್ಟ್ ತಗೊಂಡಿರೋರು?”

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಮೂಲೆಮನೆಯವನು ಚಪ್ಪಲಿ ನೋಡಿಕೊಂಡ. ಒಬ್ಬೊಬ್ಬರಾಗಿ ಬಣ್ಣದವರು ಕಿಟಕಿಯ ಹತ್ತಿರ ಬಂದರು. ಬಾಟಲಿ ಎತ್ತಿ, ಅಲ್ಲಾಡಿಸಿ, ಒಬ್ಬರ ಕೆಲಸವನ್ನು ಒಬ್ಬರು ಹಂಗಿಸತೊಡಗಿದರು. ನೀರು ಕೊಳಕು ಎಂದರೆ ನಮ್ಮ ಬೀದಿಯಲ್ಲಿ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ನಿನ್ನ ಬಣ್ಣ ನೂಲಿಗೆ ಹತ್ತಿಲ್ಲ ಎಂದರೆ ಮಾತ್ರ ಅದು ಮಾನಕ್ಕೆ ಬಂದ ಮಾತು. ಕೊನೆಗೆ ಅಜ್ಜ ಕೆಂಪು ಬಾಟಲಿಗೆ ಕೈ ಹಾಕಿದಾಗ ಎಲ್ಲರೂ ಅಪ್ಪನ ಕಡೆ ತಿರುಗಿದರು. ಅವನು ಅದನ್ನು ಬಹಳ ಹೊತ್ತು ನೋಡಿ ಅಪ್ಪನ ಕೈಗೇ ಕೊಟ್ಟ.

“ನಿಮ್ಮಪ್ಪ ಇದನ್ನ ನೋಡಿದ್ರೆ ನಿನ್ನ ಕೈಗೆ ಹಂಡೆ ಕೋಲು ಕೊಡ್ತಿರ್ಲಿಲ್ಲ ಮಗಾ.”

ಅಪ್ಪನ ಕಿವಿ ಕೆಂಪಾದವು. ಅತ್ತೆ ಎಲ್ಲವನ್ನೂ ನೋಡುತ್ತ ನಿಂತಿದ್ದಳು. ವರ್ಷಗಟ್ಟಲೆ ಅವಳು ಮೀನಿನ ಪಾಠ ಮಾಡಿದ್ದಳು. ಆ ಬಾಟಲಿಗಳಲ್ಲಿ ಈ ಜನ ಓದಬಲ್ಲದ್ದು ಬೇರೆಯೇ ಇತ್ತು. ಅವಳು ಅಜ್ಜಿಯನ್ನು ಹುಡುಕದೆ ನೇರವಾಗಿ ಅಪ್ಪನ ಮುಂದೆ ಬಂದು ನಿಂತಳು.

“ಅಣ್ಣ, ನಾನು ಇಷ್ಟು ದಿನ ಇದನ್ನ ಕೊಳಕು ನೀರು ಅಂತಲೇ ಅಂದ್ಕೊಂಡಿದ್ದೆ. ಇದು ಕೊಳಕಲ್ಲ. ನೂಲಿಗೆ ಹತ್ತದೆ ಹೋಗಿರೋ ನಿನ್ನ ಬಣ್ಣ.”

ಅಪ್ಪ ಬಾಟಲಿಯನ್ನು ಹಿಡಿದುಕೊಂಡೇ ಮನೆಗೆ ನಡೆದ.

ಮರುವಾರದಿಂದ ಸಂಜೆ ಹೊತ್ತು ಶಾಲೆಯಲ್ಲಿ ದೊಡ್ಡವರ ತರಗತಿ ಶುರುವಾಯಿತು. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತ ಬಣ್ಣದವರನ್ನು ನೋಡಲು ನಾವು ಕಿಟಕಿಗೆ ನೇತುಬೀಳುತ್ತಿದ್ದೆವು. ಅತ್ತೆ ಎರಡು ಗಾಜಿನ ಪಾತ್ರೆಗಳಲ್ಲಿ ಒಂದೇ ಬಣ್ಣ, ಒಂದೇ ತೂಕದ ನೂಲು ಹಾಕಿದಳು. ಒಂದಕ್ಕೆ ಬೀದಿಯ ರೂಢಿಯಂತೆ ಉಪ್ಪು, ಬಟ್ಟೆ ಒಗೆಯುವ ಸೋಡಾ ಎರಡನ್ನೂ ಒಟ್ಟಿಗೇ ಸುರಿದಳು. ಇನ್ನೊಂದಕ್ಕೆ ಉಪ್ಪು ಮಾತ್ರ ಹಾಕಿ, ನೂಲು ಬಣ್ಣವನ್ನು ಎಳೆದುಕೊಳ್ಳುವವರೆಗೆ ಕಾದು, ಆಮೇಲೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿದಳು. ಸೋಡಾ ಬೇಗ ಬಿದ್ದರೆ ಬಣ್ಣ ನೂಲಿನ ಬದಲು ನೀರಿನ ಜೊತೆಯೇ ಕೂಡಿಕೊಂಡುಬಿಡುತ್ತದೆ. ಹಾಗೆ ಕೂಡಿದ ಬಣ್ಣ ಮತ್ತೆ ನೂಲಿಗೆ ಹತ್ತುವುದಿಲ್ಲ. ಎರಡು ಪಾತ್ರೆಗಳಲ್ಲಿ ಉಳಿದ ನೀರನ್ನು ಪಕ್ಕಪಕ್ಕ ಇಟ್ಟಾಗ ಅವಳು ಮತ್ತೇನೂ ವಿವರಿಸಬೇಕಾಗಲಿಲ್ಲ. ಸೌದೆ ಉಳಿಸಲು ಆತುರಪಟ್ಟು ಬಣ್ಣವನ್ನೇ ಕಾಲುವೆಗೆ ಹಾಕುತ್ತಿದ್ದೆವಲ್ಲ ಎಂದು ಮೂಲೆಮನೆಯವನು ಬೇಸರ ಮಾಡಿಕೊಂಡ.

ಅಪ್ಪ ಆ ತರಗತಿಗೆ ಹೋಗಲಿಲ್ಲ. ಆ ದಾರಿಯಲ್ಲಿ ಏನೋ ಕೆಲಸವಿದ್ದವನಂತೆ ಸಂಜೆ ಸಂಜೆ ಶಾಲೆಯ ಮುಂದೆ ಹಾದುಹೋಗುತ್ತಿದ್ದ, ಕಿಟಕಿಯ ಬಳಿ ಬಂದಾಗ ಚಪ್ಪಲಿಗೆ ಕಲ್ಲು ಸಿಕ್ಕಂತೆ ನಿಲ್ಲುತ್ತಿದ್ದ. ಒಂದು ಬೆಳಿಗ್ಗೆ ಅವನು ಒಂದು ಹಂಡೆ ಕೆಂಪು ಇಟ್ಟು, ಉಪ್ಪು ಹಾಕಿ, ಕೋಲು ಆಡಿಸುತ್ತ ನಿಂತ. ಅತ್ತೆ ಶಾಲೆಗೆ ಹೊರಟವಳು ಮೆಟ್ಟಿಲ ಮೇಲೆಯೇ ನಿಂತಳು.

“ಸೋಡಾ ಈಗ ಹಾಕ್ಲಾ?” ಅಪ್ಪ ಹಂಡೆಯನ್ನೇ ನೋಡುತ್ತಿದ್ದ.

ಅಭ್ಯಾಸಬಲದಿಂದ ಅಜ್ಜಿ ಒಳಗಿನಿಂದ, “ಸೋಡಾ ಹಾಕ್ಲಾ ಅಂತ ಕೇಳ್ತಿದಾನೆ ನೋಡೇ” ಎಂದಳು.

“ನನಗೆ ಕೇಳಿಸ್ತು ಬಿಡಮ್ಮ. ಇನ್ನೂ ಬೇಡ ಅಣ್ಣ, ನೂಲು ಕುಡಿಯೋವರೆಗೂ ತಡಿ.”

“ಕುಡಿದಿದ್ದು ನಿನಗೇನು ಗೊತ್ತಾಗುತ್ತೆ? ಅದು ನನ್ನ ಕೈಗೆ ಗೊತ್ತಾಗ್ಬೇಕು.”

“ಮತ್ತೆ ನನ್ನನ್ನ ಯಾಕೆ ಕೇಳ್ದೆ?”

ಅಪ್ಪ ನಕ್ಕ. ಅವತ್ತು ಅತ್ತೆ ಶಾಲೆಗೆ ತಡವಾಗಿ ಹೋದಳು.

ಆಮೇಲಿನದು ನಿಧಾನದ ಕೆಲಸ. ತೊಳೆಯುವ ಕ್ರಮ ತಿರುವುಮುರುವಾಯಿತು. ಕೊನೆಯ ತೊಟ್ಟಿಯಲ್ಲಿ ಉಳಿದ ಹೆಚ್ಚುಕಡಿಮೆ ತಿಳಿನೀರನ್ನು ಚೆಲ್ಲದೆ ಮುಂದಿನ ಲಡಿಯ ಮೊದಲ ತೊಳೆತಕ್ಕೆ ಬಳಸಿದರು. ಮೊದಲು ತೆಳು ಬಣ್ಣ, ಆಮೇಲೆ ಗಾಢ ಬಣ್ಣ ಎಂಬ ಸರದಿ ಬಂತು, ನೀರಿನ ಖರ್ಚು ಇಳಿಯಿತು. ಬೀದಿಯವರೆಲ್ಲ ಸೇರಿ ಕಾಲುವೆಗಿಂತ ಮುಂಚೆ ಎಲ್ಲ ಮನೆಗೂ ಸೇರಿದ ಒಂದು ತೊಟ್ಟಿ ಕಟ್ಟಿದರು. ನೀರು ಅಲ್ಲಿ ನಿಂತು, ಕೆಸರು ಇಳಿದು, ಮರಳಿನ ಮೂಲಕ ಹಾದು ಹೋಗಬೇಕು. ತೊಟ್ಟಿಯ ಕೆಸರು ತೆಗೆಯುವ ಸರದಿ ತಪ್ಪಿಸಿದವರಿಗೆ ನೀಲಿ ಅಜ್ಜನ ಬಾಯಿ ಇತ್ತು, ಬೇರೆ ದಂಡ ಬೇಕಿರಲಿಲ್ಲ. ಗಡುವಿನ ದಿನ ಅಧಿಕಾರಿ ಬಂದಾಗ ನೀರಿನಲ್ಲಿ ಇನ್ನೂ ಸ್ವಲ್ಪ ನಸುಗೆಂಪು ಇತ್ತು. ಅವನು ಗಡುವನ್ನು ಒಂದು ವರ್ಷ ಮುಂದೂಡಿದ. ಅಷ್ಟರೊಳಗೆ ಎರಡು ಮನೆಯವರು ಈ ಹೊಸ ಶಿಸ್ತು ತಮಗಾಗದು ಎಂದು ಹಂಡೆ ಮಾರಿಬಿಟ್ಟಿದ್ದರು. ಅದು ಅತ್ತೆಗೆ ಕೊನೆಯವರೆಗೂ ನೋವಿನ ವಿಷಯವಾಗಿತ್ತು. ಉಳಿದವರು ಬೀದಿಯಲ್ಲೇ ಉಳಿದರು. ಮರುವರ್ಷ ಕಾಲುವೆ ತಿಳಿಯಾಗಿ ಹರಿಯಿತು, ಆದೇಶವೇ ರದ್ದಾಯಿತು.

ಅದೇ ವರ್ಷ ಅತ್ತೆ ಅಪ್ಪನನ್ನು ತನ್ನ ತರಗತಿಗೆ ಕರೆದಳು. ಬಣ್ಣದ ಪಾಠವನ್ನು ಇನ್ನು ಮುಂದೆ ಬಣ್ಣದವರೇ ಮಾಡಲಿ ಎಂದು ಅವಳ ಹಟ. ಅಪ್ಪ ತಪ್ಪಿಸಿಕೊಳ್ಳಲು ಎಲ್ಲ ನೆಪ ಹೇಳಿ ನೋಡಿದ. ಕೊನೆಗೆ ಒಗೆದ ಅಂಗಿ ತೊಟ್ಟು, ಒಂದು ಸಣ್ಣ ಹಂಡೆ, ಒಂದು ಒಲೆ, ಒಂದು ಲಡಿ ಬಿಳಿ ನೂಲು ಹಿಡಿದು ಬಂದ. ಹುಡುಗನಾಗಿದ್ದಾಗ ಬಿಟ್ಟುಹೋದ ಶಾಲೆ ಅದು. ಬಾಗಿಲಲ್ಲಿ ಒಮ್ಮೆ ತಡೆದು ನಿಂತು ಒಳಗೆ ಬಂದ. ಅತ್ತೆ ಹಿಂದಿನ ಬೆಂಚಿನಲ್ಲಿ ನಮ್ಮ ಪಕ್ಕ ಕೂತಳು.

ಮೊದಲು ಅವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕೋಲು ಕೈಗೆ ಬಂದ ಮೇಲೆ ಸರಿಹೋಯಿತು. ತೋಳು ಮಡಚಿ, ಬಿಸಿನೀರಿನಿಂದ ಲಡಿ ಎತ್ತಿ, ಎರಡು ಬೆರಳಲ್ಲಿ ಹಿಡಿದು ತೋರಿಸಿದ. ನೂಲು ಬಣ್ಣ ಕುಡಿಯುವ ಮೊದಲು ಬೆರಳಿಗೆ ಜಾರುತ್ತದೆ, ಕುಡಿದ ಮೇಲೆ ಸ್ವಲ್ಪ ಅಂಟಿದ ಹಾಗೆ ನಿಲ್ಲುತ್ತದೆ ಎಂದ. ಒಬ್ಬ ಹುಡುಗಿ ಅದಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದಳು. ನೀರಿನ ಬಿಸಿ, ನೂಲಿನ ತೂಕ, ಉಪ್ಪಿನ ಪ್ರಮಾಣ ನೋಡಿ ಹೇಳಬೇಕು ಎನ್ನಲು ಅತ್ತೆ ಎದ್ದು ನಿಂತಳು.

“ಟೀಚರ್, ನೀವು ಕೂತ್ಕೊಳಿ” ಎಂದ ಅಪ್ಪ. “ಪಾಠ ನಡೀತಿದೆ.”

ತರಗತಿ ನಕ್ಕಿತು. ಅಪ್ಪ ಆ ಹುಡುಗಿಯನ್ನು ಮುಂದಕ್ಕೆ ಕರೆದು, ಬಿಸಿ ಲಡಿಯನ್ನು ಜೋಪಾನವಾಗಿ ಅವಳ ಬೆರಳುಗಳ ನಡುವೆ ಇಟ್ಟ. ಅತ್ತೆ ಕೂತಳು, ಕೈ ಕಟ್ಟಿಕೊಂಡು.