ಪೆಟ್ರೋಲು ಸೋರುತ್ತಿದ್ದ ವರ್ಷ

ಪೆಟ್ರೋಲ್ ಪಂಪಿನಲ್ಲಿ ಟ್ಯಾಂಕಿನ ಮುಚ್ಚಳ ತೆಗೆದಾಗ ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ, ಕೆಲವರು ಹಾಯೆನಿಸಿ ಉಸಿರೆಳೆದುಕೊಳ್ಳುತ್ತಾರೆ. ನಾನು ಇಳಿದು ದೂರ ಹೋಗಿ ನಿಲ್ಲುತ್ತೇನೆ. ಆ ವಾಸನೆಯ ಬೆನ್ನಿಗೇ ಠಾಣೆ ಶಹರದ ಕೋಪರಿಯ ನಮ್ಮ ಮನೆ ಎದ್ದು ಬರುತ್ತದೆ: ಎರಡನೇ ಮಹಡಿಯ ಎರಡು ಕೋಣೆ, ಲೋಕಲ್ ರೈಲು ಹಾದುಹೋದಾಗಲೆಲ್ಲ ಸಣ್ಣಗೆ ನಡುಗುವ ಪಾತ್ರೆಗಳು, ಅವ್ವ ರೊಟ್ಟಿ ಬಡಿಯುವ ಸದ್ದು, ಕೆಳಗೆ ಕಂಪೌಂಡಿನ ಗೋಡೆಗೆ ಮೂತಿ ಹಚ್ಚಿ ನಿಂತ ಬಿಳಿ ಕಾರು. ಆ ಕಾರಿಗೆ ನನಗಿಂತ ಹೆಚ್ಚು ವಯಸ್ಸಾಗಿತ್ತು. ಬಾಗಲಕೋಟೆ ಕಡೆಯಿಂದ ಬಂದು ಠಾಣೆಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದ ಅಪ್ಪನಿಗೆ ಭಾನುವಾರ ಎಂದರೆ ಅದರ ಬಾನೆಟ್ ಎತ್ತುವ ದಿನ. ಅವನು ಯಾವ ಗ್ಯಾರೇಜಿನಲ್ಲೂ ಕಲಿತವನಲ್ಲ. ಆದರೆ ಬಿಲ್ಡಿಂಗಿನಲ್ಲಿ ಯಾರ ಸ್ಕೂಟರ್ ಹಟ ಹಿಡಿದರೂ ಕೆಳಗಿನಿಂದ ಅವನನ್ನೇ ಕೂಗುತ್ತಿದ್ದರು. ಅಪ್ಪ ಪ್ಲಗ್ ಬಿಚ್ಚಿ ಮೂಗಿನ ಹತ್ತಿರ ಹಿಡಿದು, ಪೆಟ್ರೋಲು ಹೆಚ್ಚಾಗಿದೆಯೋ, ಬಂದೇ ಇಲ್ಲವೋ ಎಂದು ಅಷ್ಟರಲ್ಲೇ ಹೇಳಿಬಿಡುತ್ತಿದ್ದ.

ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ, ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಮಳೆಗಾಲ ಮುಗಿಯುತ್ತಿದ್ದಂತೆ ಕಾರು ಬೆಳಗಿನ ಹೊತ್ತು ಸ್ಟಾರ್ಟ್ ಆಗಲು ಒಲ್ಲೆನ್ನತೊಡಗಿತು. ಕೀಲಿ ತಿರುಗಿಸಿದರೆ ಇಂಜಿನ್ ಗರಗರ ತಿರುಗಿ, ಮೆಲ್ಲಗೆ ದನಿ ಇಳಿಸಿ, ಸುಮ್ಮನಾಗುತ್ತಿತ್ತು. ಹತ್ತು ಹನ್ನೆರಡು ಸಲ ಆದಮೇಲೆ ಮೈ ಕೊಡವಿದಂತೆ ಎದ್ದರೆ, ಇಡೀ ದಿನ ಯಾವ ತಕರಾರೂ ಇಲ್ಲ. ಅಪ್ಪ ಒಂದು ವಾರ ಬ್ಯಾಟರಿ ನೋಡಿದ, ಇನ್ನೊಂದು ವಾರ ಪ್ಲಗ್ ಬದಲಿಸಿದ, ಚೋಕಿನ ತಂತಿ ಬಿಗಿ ಮಾಡಿದ, ಫಿಲ್ಟರ್ ಹೊಸದು ಹಾಕಿದ. ಯಾವುದಕ್ಕೂ ಜಗ್ಗಲಿಲ್ಲ. ಈ ನಡುವೆ ಗಾಡಿಯೊಳಗೆ ಪೆಟ್ರೋಲಿನ ವಾಸನೆ ಶುರುವಾಯಿತು. ಕಳವಾ ಸೇತುವೆ ದಾಟುವಷ್ಟರಲ್ಲಿ ನನಗೆ ತಲೆ ಸುತ್ತುತ್ತಿತ್ತು. ಅವ್ವ ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ವಾಸನಿ ತಲಿಗೆ ಏರಾಕತ್ತೈತ್ರೀ ಎನ್ನುತ್ತಿದ್ದಳು. ಅಪ್ಪ ಕನ್ನಡಿಯಲ್ಲಿ ನಮ್ಮನ್ನು ನೋಡಿ, ಮುಂದಿನ ಲಾರಿಯದಿರಬೇಕು ಎನ್ನುತ್ತಿದ್ದ. ಒಂದು ದಿನ ಮುಂದೆ ಲಾರಿಯೇ ಇರಲಿಲ್ಲ. ಅವ್ವ ಕಿಟಕಿಯ ಗಾಜು ಇಳಿಸಿದಳು. ಅದೇ ದಿನಗಳಲ್ಲಿ ಒಂದು ಸಂಜೆ ಒಲೆಯ ಮೇಲಿಟ್ಟ ಹಾಲು ಸೀದು ಮೆಟ್ಟಿಲಿನವರೆಗೂ ಕಮಟು ಹಬ್ಬಿತ್ತು. ಪೇಟೆಯಿಂದ ಬಂದ ನಾವು ಮೆಟ್ಟಿಲು ಓಡಿ ಹತ್ತಿದರೆ ಅಪ್ಪ ಒಲೆಯಿಂದ ಎರಡು ಮಾರು ದೂರದಲ್ಲಿ ಕೂತು ಪೇಪರ್ ಓದುತ್ತಿದ್ದ. ನಾನು ಬಿದ್ದು ಬಿದ್ದು ನಕ್ಕೆ. ಅವ್ವ ಕರಿ ಹಿಡಿದ ಪಾತ್ರೆಯನ್ನು ನೀರಿಗೆ ಹಾಕಿ ಬಹಳ ಹೊತ್ತು ಅಪ್ಪನನ್ನೇ ನೋಡುತ್ತ ನಿಂತಳು.

ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ಅಪ್ಪ ಕಾರು ತೊಳೆದು ಚೆಂಡುಹೂವಿನ ಹಾರ ಹಾಕಿದ್ದ. ಪೂಜೆ ಮುಗಿದ ಕೂಡಲೇ ಒಂದೇ ಸಲಕ್ಕೆ ಸ್ಟಾರ್ಟ್ ಆಗಲಿ ಎಂದು ಬಾನೆಟ್ ಎತ್ತಿ, ಪಂಪಿನ ಪಕ್ಕದ ಸಣ್ಣ ಹಿಡಿಕೆಯನ್ನು ಕೈಯಿಂದ ಒತ್ತಿ ಒತ್ತಿ ಪೆಟ್ರೋಲು ಮೇಲೇರಿಸುತ್ತಿದ್ದ. ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದು ನನ್ನ ಪಾಲಿನ ಕೆಲಸ. ನಾನು ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದೆ. ಮುಂಗೈ ಮೇಲೆ ತಣ್ಣಗೆ ಏನೋ ಬಿತ್ತು. ಇನ್ನೊಂದು ಬಿತ್ತು. ತೊಳೆದ ನೀರಿರಬೇಕು ಎಂದುಕೊಂಡೆ, ಆದರೆ ನೀರು ಅಷ್ಟು ತಣ್ಣಗಿರುವುದಿಲ್ಲ, ಅಷ್ಟು ಬೇಗ ಆರುವುದೂ ಇಲ್ಲ. ಉಸಿರು ಎಳೆದುಕೊಂಡರೆ ಗಂಟಲು ಉರಿಯಿತು. ತಲೆ ಎತ್ತಿದಾಗ ಅವ್ವ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ತೆರೆದ ಬಾನೆಟ್ಟಿನ ಕಡೆಗೆ ಬರುತ್ತಿದ್ದಳು. ಅವಳಿಗೆ ಆ ಹೊತ್ತು ಕರ್ಪೂರದ ವಾಸನೆಯೊಂದೇ ಇತ್ತೇನೋ. ಕೂಗಿ ಹೇಳುವಷ್ಟು ಹೊತ್ತಿರಲಿಲ್ಲ. ನಾನು ಎದ್ದು ಓಡಿ ಅವಳಿಗೆ ಅಡ್ಡ ನಿಂತು, ಇದ್ದ ಉಸಿರನ್ನೆಲ್ಲ ಸೇರಿಸಿ ಆ ಆರತಿಯನ್ನು ಊದಿ ಆರಿಸಿಬಿಟ್ಟೆ.

ಹಬ್ಬದ ದಿನ, ದೇವರ ಆರತಿ, ಅದೂ ಬಾಯಿಂದ. ನೋಡಲು ನಿಂತಿದ್ದ ಬಿಲ್ಡಿಂಗಿನ ಹೆಂಗಸರು ಕೆನ್ನೆ ಬಡಿದುಕೊಂಡರು. ಎಂದೂ ನನ್ನ ಮೇಲೆ ಕೈ ಎತ್ತದ ಅಪ್ಪನ ಕೈ ಎದ್ದು ಗಾಳಿಯಲ್ಲೇ ನಿಂತಿತು. ನಾನು ಪೆಟ್ರೋಲ್, ಪೆಟ್ರೋಲ್ ಎಂದು ತೊದಲುತ್ತಿದ್ದೆ. ಅವನು ಬಾನೆಟ್ಟಿನೊಳಗೆ ಬಗ್ಗಿ ಎರಡು ಸಲ ಜೋರಾಗಿ ಉಸಿರೆಳೆದುಕೊಂಡು, "ಎಲ್ಲೈತಿ? ಏನೂ ಇಲ್ಲ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಅಷ್ಟರಲ್ಲಿ ಕಳವಾದಲ್ಲಿ ಗ್ಯಾರೇಜ್ ಇಟ್ಟಿದ್ದ ಸುಧಾಕರಣ್ಣ ಸ್ಕೂಟರ್ ನಿಲ್ಲಿಸಿ ಒಳಗೆ ಬಂದ. ಕುಂದಾಪುರದ ಕಡೆಯವನು, ಮೆಲುಮಾತಿನವನು. ಹಿಂದಿನ ದಿನ ಅವ್ವ ಅಪ್ಪನಿಗೆ ಗೊತ್ತಾಗದಂತೆ ಅವನಿಗೆ ಫೋನ್ ಮಾಡಿದ್ದಳೆಂದು ನನಗೆ ತಿಳಿದದ್ದು ಆಮೇಲೆ. ಅವನು ಗೇಟಿನಲ್ಲೇ ಮೂಗು ಅರಳಿಸಿ ನಿಂತ, ಬಾಯಲ್ಲಿದ್ದ ಬೀಡಿಯನ್ನು ಹೊರಗಿನ ಗಟಾರಕ್ಕೆ ಎಸೆದು ಬಂದ. ತೊಂದರೆ ಬೆಳಿಗ್ಗೆ ಮಾತ್ರವೋ, ಬಿಸಿಯಾದ ಮೇಲೂ ಉಂಟೋ ಎಂದು ಕೇಳಿದ. ಬೆಳಿಗ್ಗೆ ಮಾತ್ರ ಎಂದ ಅಪ್ಪ. ಹಾಗಾದರೆ ರಾತ್ರಿ ನಿಂತಲ್ಲೇ ಪೆಟ್ರೋಲು ಎಲ್ಲಿಗೋ ಹೋಗುತ್ತಿದೆ ಎಂದು ಹೇಳುತ್ತಲೇ ಅವನು ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪನ್ನು ಬೆರಳಿನಿಂದ ಸವರಿದ. ಪೈಪು ಒಣಗಿ ಬಿರುಕು ಬಿಟ್ಟಿತ್ತು. ಬೆರಳು ಒದ್ದೆಯಾಗಿತ್ತು. ಅದನ್ನು ಅಪ್ಪನ ಮೂಗಿನ ಹತ್ತಿರಕ್ಕೆ ತಂದು ಹಿಡಿದ.

"ಇದು ಎಂತದ್ದು ಸರ್?"

ಅಪ್ಪ ಮೂಸಿದ. ಇನ್ನೊಮ್ಮೆ ಮೂಸಿದ.

"ನೀರು" ಎಂದ.

ಸುಧಾಕರಣ್ಣ ಅವ್ವನ ಮುಖ ನೋಡಿದ. ಅವ್ವನ ಕೈಯಲ್ಲಿ ಆರಿದ ತಟ್ಟೆ ಹಾಗೇ ಇತ್ತು.

ಗೇಣುದ್ದದ ಹೊಸ ಪೈಪು ಹಾಕಿದ ಮೇಲೆ ಕಾರು ಮೊದಲ ತಿರುವಿಗೇ ಸ್ಟಾರ್ಟ್ ಆಯಿತು. ಯಾರೂ ಖುಷಿಪಡಲಿಲ್ಲ. ಅಂದು ಮಧ್ಯಾಹ್ನ ಅವ್ವ ಅಡುಗೆಮನೆಯಲ್ಲಿ ಅಪ್ಪನನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಇಂಗಿನ ಡಬ್ಬಿ, ಬಳ್ಳುಳ್ಳಿ, ಸೀಮೆಎಣ್ಣೆಯ ಬಟ್ಟೆ ಒಂದೊಂದಾಗಿ ಹಿಡಿದಳು. ಅಪ್ಪ ಪ್ರತಿ ಸಲವೂ ಇಲ್ಲವೆಂದು ತಲೆಯಾಡಿಸಿದ. ಕೊನೆಗೆ ಕಣ್ಣು ತೆರೆಯದೆಯೇ, "ಸಂಕ್ರಾಂತಿಯಿಂದ ಹಿಂಗ ಐತಿ. ನೆಗಡಿ ಅಂದ್ಕೊಂಡಿದ್ದೆ" ಎಂದ. ಆಮೇಲೆ ಮೆಲ್ಲಗೆ, "ಹೇಳಿದ್ರ ನೀ ಹೆದರತಿದ್ದಿ" ಎಂದ. ಡಾಕ್ಟರು ಮೂಗಿಗೆ ಬಿಡುವ ಹನಿ ಔಷಧಿ ಬರೆದುಕೊಟ್ಟರು. ಮರುವರ್ಷ ಅವನ ಬಲಗೈಯ ಹೆಬ್ಬೆರಳು ತಾನಾಗಿಯೇ ಅಲುಗತೊಡಗಿತು. ನಟ್ಟು ಬಿಗಿಯುವ ಪಾನಾ ಹಿಡಿದರೆ ಜಾರಿ ಬೀಳುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಕಾಲು ತಾಸು ಬೇಕಾಗತೊಡಗಿದಾಗ ದೊಡ್ಡ ಆಸ್ಪತ್ರೆಯವರು ಕಾಯಿಲೆಯ ಹೆಸರು ಹೇಳಿದರು, ಪಾರ್ಕಿನ್ಸನ್. ಅದು ಬರುವ ಮೊದಲು ಎಷ್ಟೋ ಜನರಿಗೆ ಮೂಗು ಸತ್ತುಹೋಗುತ್ತದಂತೆ.

ಕಾರನ್ನು ಸುಧಾಕರಣ್ಣನೇ ಒಯ್ದ. ಕೋಪರಿಯ ಬಿಲ್ಡಿಂಗ್ ಕೆಡವುವಾಗ ನಾವು ಕಾಮೋಠೆಗೆ ಬಂದೆವು. ಅಲ್ಲಿನ ನಮ್ಮ ಮೊದಲ ಮಹಡಿಯ ಮನೆಯ ಕಿಟಕಿಯ ಕೆಳಗೇ ಪಾರ್ಕಿಂಗ್ ಇತ್ತು. ಅಪ್ಪ ಬೆಳಿಗ್ಗೆ ಎದ್ದವನೇ ಆ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಮೊದಮೊದಲು ಯಾರದಾದರೂ ಹಳೆಯ ಗಾಡಿ ಗರಗರ ಎಂದರೆ, ಪ್ಲಗ್, ಇಲ್ಲವೇ ಪಂಪ್ ಎಂದು ತನ್ನಷ್ಟಕ್ಕೆ ಹೇಳುತ್ತಿದ್ದ. ಕಾಯಿಲೆ ಹೆಚ್ಚಿ ಅವನ ದನಿ ಸಣ್ಣದಾದಂತೆ ತುಟಿಯಷ್ಟೇ ಆಡುತ್ತಿತ್ತು. ವರ್ಷ ಕಳೆದಂತೆ ಹಳೆಯ ಗಾಡಿಗಳು ಒಂದೊಂದಾಗಿ ಹೋದವು. ಹೊಸವು ಕೀಲಿ ಮುಟ್ಟಿದರೆ ಸಾಕು, ಸದ್ದಿಲ್ಲದೆ ಎದ್ದು ಹೊರಟುಬಿಡುತ್ತಿದ್ದವು. ಅಪ್ಪನಿಗೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೂ ಕೊನೆಯ ಕಾರು ಗೇಟು ದಾಟುವವರೆಗೆ ಅವನು ಕುರ್ಚಿಯಿಂದ ಏಳುತ್ತಿರಲಿಲ್ಲ, ಅವ್ವ ಆಮೇಲೆಯೇ ಚಹಾ ತರುತ್ತಿದ್ದಳು.