ಎಂಟು ಮಹಡಿಯಷ್ಟು ದಾರ

ಪಕ್ಕದ ಮನೆ ಆಂಟಿಯ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ಮನೆ, ಮರ, ಗೋಪುರ ಏನು ಕಂಡರೂ ಆ ಕಣ್ಣು ಮುಚ್ಚಿ, ಕೈ ಚಾಚಿ, ಹೆಬ್ಬೆರಳು ನಿಲ್ಲಿಸಿ ಎತ್ತರ ಅಳೆಯುವ ಚಾಳಿ ಅವರದು. ಬೆನ್ನ ಹಿಂದೆ ಅಣಕಿಸುವ ಮಕ್ಕಳಿಗೆ, 'ಕೈ ನೆಟ್ಟಗಿಡ್ರೋ, ಸೊಟ್ಟಗಿಟ್ರೆ ಲೆಕ್ಕ ತಪ್ಪತ್ತೆ' ಎನ್ನುತ್ತಿದ್ದರು.

ಅವರು ನಗರ ಯೋಜನೆಯ ಕಚೇರಿಯಲ್ಲಿ ಅಧಿಕಾರಿ. ಎಪ್ಪತ್ತರ ದಶಕದ ಕೊನೆಗೆ ನಾವು ಜೆ.ಪಿ. ನಗರಕ್ಕೆ ಬಂದಾಗ ನಮ್ಮ ಮನೆಗಳ ಮುಂದೆ ರಸ್ತೆ, ರಸ್ತೆಯಾಚೆ ಖಾಲಿ ಸೈಟುಗಳು, ಅದರಾಚೆ ಕೆರೆ. ಸಂಜೆ ಕೆರೆಯ ಗಾಳಿ ಸೀದಾ ಒಳಕ್ಕೆ ಬರುತ್ತಿತ್ತು. ಉಬ್ಬಸವಿದ್ದ ಆಂಟಿ ಅದಕ್ಕೆ ಮುಖ ಕೊಟ್ಟು ಜಗಲಿಯಲ್ಲಿ ಕೂತರೆ ಬೇಗ ಏಳುತ್ತಿರಲಿಲ್ಲ.

ದಂಡೆಯ ಪಕ್ಕ ಎರಡೇ ಮಹಡಿ, ಹಿಂದೆ ಹೋದಂತೆ ಹೆಚ್ಚು ಎಂಬ ನಿಯಮ ಬರೆದವರು ಅವರೇ. 'ಸ್ಕೂಲಲ್ಲಿ ಗ್ರೂಪ್ ಫೋಟೋ ತೆಗೆಸಲ್ವಾ? ಕುಳ್ಳರು ಮುಂದೆ, ಉದ್ದದವರು ಹಿಂದೆ. ಕೆರೆ ಹತ್ರಾನೂ ಅಷ್ಟೇ' ಎನ್ನುತ್ತಿದ್ದರು. ನಮ್ಮ ಬೀದಿಯೂ ಆ ಎರಡು ಮಹಡಿಯ ಮಿತಿಯೊಳಗೇ ಇತ್ತು.

ನಾನು ಕಾಲೇಜು ಓದುತ್ತಿದ್ದಾಗ ಒಬ್ಬ ಬಿಲ್ಡರ್ ಆ ಸೈಟುಗಳನ್ನು ಕೊಂಡು ಎಂಟು ಮಹಡಿ ಕಟ್ಟುತ್ತೇನೆ, ನಿಯಮ ತೆಗೆಯಿರಿ ಎಂದ. ಕಚೇರಿಯವರು ಬೀದಿಯವರ ಅಭಿಪ್ರಾಯ ಕೇಳಿದರು. ನಾವು ಕಟ್ಟಡ ಬೇಡವೆಂದರೆ ನಿಯಮ ಉಳಿಯುತ್ತಿತ್ತು.

'ಕಾಗದದ ಮೇಲೆ ಎಂಟು ಅಂದ್ರೆ ಯಾರಿಗೂ ಭಯ ಆಗಲ್ಲ. ಕಣ್ಣಲ್ಲಿ ನೋಡ್ಬೇಕು' ಎಂದು ಆಂಟಿ ಒಂದು ಭಾನುವಾರ ಗ್ಯಾಸ್ ಬಲೂನುಗಳ ಗೊಂಚಲು ತರಿಸಿದರು. ಎಂಟು ಮಹಡಿಯಷ್ಟು ಉದ್ದದ ದಾರ ಕಟ್ಟಿ, ಬೀದಿಯವರನ್ನೆಲ್ಲ ಖಾಲಿ ಸೈಟಿಗೆ ಕರೆದರು. ಬಲೂನುಗಳು ತೆಂಗಿನ ಮರ ದಾಟಿ ಏರುತ್ತಲೇ ಹೋದವು.

'ನೋಡಿದ್ರಾ? ಅಲ್ಲೀವರೆಗೂ ಗೋಡೆ.'

ಕತ್ತೆತ್ತಿ ನಿಂತಿದ್ದ ಅಪ್ಪನ ಬಾಯಿ ತೆರೆದೇ ಇತ್ತು. 'ಅಬ್ಬಾ, ಅಲ್ಲಿಂದ ಕೆರೆ ಎಷ್ಟು ಚೆನ್ನಾಗಿ ಕಾಣ್ಬೋದು ಅಲ್ವಾ!'

'ರೂಲ್ ಹೋದ್ರೆ ನಾವೂ ಮೇಲೊಂದು ಮನೆ ಎತ್ತಿ ಬಾಡಿಗೆಗೆ ಕೊಡ್ಬೋದು ಸಾರ್' ಎಂದರು ಮೂಲೆ ಮನೆಯವರು. ಎಲ್ಲರ ಮುಖ ಅರಳಿತು.

'ಆ ಮನೆಗೆ ಗಾಳಿ ಬೆಳಕು ಎಲ್ಲಿಂದ ತರ್ತೀರಿ?' ಎಂದರು ಆಂಟಿ.

'ನಿಮ್ಮ ಉಬ್ಬಸಕ್ಕೆ ಗಾಳಿ ಬೇಕು ಅಂತ ಊರಿಗೆಲ್ಲ ರೂಲ್ ಮಾಡಿದ್ರೆ ಹೇಗೆ ಮೇಡಂ?' ಎಂದುಬಿಟ್ಟರು ಅಪ್ಪ. ನಾಚಿಕೆಯಿಂದ ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆಂಟಿ ದಾರ ಸುತ್ತತೊಡಗಿದರು.

ಅವರೊಬ್ಬರನ್ನು ಬಿಟ್ಟು ಇಡೀ ಬೀದಿ ನಿಯಮ ಬೇಡವೆಂದಿತು. ಕಟ್ಟಡ ಎದ್ದಿತು. ಐದನೇ ಮಹಡಿಯ ಹೊತ್ತಿಗೆ ಸಂಜೆಯ ಗಾಳಿ ನಿಂತೇಹೋಯಿತು. ಅಪ್ಪ ಆಸೆಯಿಂದ ಕಟ್ಟಿಸಿದ ಬಾಡಿಗೆ ಮನೆಯಲ್ಲಿ ಮಧ್ಯಾಹ್ನವೇ ದೀಪ ಹಾಕಬೇಕು, ಬಂದವರು ಉಳಿಯಲಿಲ್ಲ. ಆಂಟಿಯ ಉಸಿರಿನ ಸದ್ದು ನಮ್ಮ ಅಡುಗೆಮನೆಗೂ ಕೇಳಿಸತೊಡಗಿತು. ನೋಡಲು ಹೋದಾಗ ಒಮ್ಮೆ ನನ್ನ ಕೈ ಹಿಡಿದು, 'ಗೋಡೆ ಬಂದಿದ್ದಕ್ಕಲ್ಲ ಕಣೇ. ಎಲ್ರೂ ಆಸೆಪಟ್ಟು ತಂದ್ಕೊಂಡ್ರಲ್ಲ, ಅದಕ್ಕೆ ಭಯ ನಂಗೆ' ಎಂದರು. ಊರನ್ನು ನೋಡಲು ನನಗೆ ಕಲಿಸಿದವರು ಅವರು, ಆ ಭಯವನ್ನೂ ಅವರೇ ಕೊಟ್ಟುಹೋದರು.

ಅವರು ಹೋದದ್ದು ಒಂದು ಬಿರುಬೇಸಿಗೆಯಲ್ಲಿ. ನೆಂಟರು ಬರುವವರೆಗೆ ದೇಹವನ್ನು ಹೊರಗೆ ಎಲ್ಲಿ ಮಲಗಿಸುವುದೆಂಬ ಮಾತು ಬಂತು. ಸಂಜೆಗೆ ಇನ್ನೂ ಹೊತ್ತಿದ್ದರೂ ಕಟ್ಟಡದ ನೆರಳು ರಸ್ತೆ ದಾಟಿ ಅವರ ಜಗಲಿ ಹತ್ತಿತ್ತು. ಕುರ್ಚಿ ಹಾಕಿಸುತ್ತಿದ್ದ ಅಪ್ಪ ತಲೆಯೆತ್ತಿ ನೋಡಿ, ನೆಮ್ಮದಿಯಿಂದ ಹೇಳಿದರು:

'ಸದ್ಯ, ಇಲ್ಲಿ ಬಿಸಿಲಿಲ್ಲ. ಇಲ್ಲೇ ಮಲಗ್ಸಿ.'